ಸಭೆಗೆ ಬರಲಾಗದವರ ಮನೆಗೆ ಸಭೆ

ತುಮಕೂರು, 25 ಜನವರಿ 2025, ಶನಿವಾರ ರಾತ್ರಿ

ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥಿಸುವ ವಾರ ಇವತ್ತಿಗೆ ಮುಗಿಯಿತು. 1908ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಈಗ ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಈ ವರ್ಷದ ವಿಷಯ, ನನ್ನನ್ನು ನಂಬುವವನು ಸತ್ತರೂ ಬದುಕುವನು ಅಂದ ಮೇಲೆ ಯೇಸು ಮಾರ್ಥಳಿಗೆ ಕೇಳಿದ ಪ್ರಶ್ನೆ: ಇದನ್ನು ನಂಬುತ್ತೀಯಾ? ಒಡಹುಟ್ಟಿದವನನ್ನು ಸಮಾಧಿ ಮಾಡಿ ನಾಲ್ಕು ದಿನವಾಗಿದ್ದ ಹೆಂಗಸಿಗೆ ಕೇಳಿದ್ದು ಅದು. ಎಲ್ಲ ಚೆನ್ನಾಗಿರುವಾಗ ಹೌದು ಅನ್ನುವುದು ಸುಲಭ ಅಲ್ವಾ?

ಕೊನೆಯ ಕೂಟವನ್ನು ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಇಟ್ಟುಕೊಂಡೆವು. ಆ ಮನೆಯ ಅಂಕಲ್ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರು. ದಸರಾ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಏಳುವುದಿಲ್ಲ, ಮಾತು ತೊದಲುತ್ತದೆ. ಅವರನ್ನು ಬಿಟ್ಟು ಆಂಟಿಯೂ ಹೊರಗೆ ಹೋಗುವ ಹಾಗಿಲ್ಲ. ಕ್ರಿಸ್‌ಮಸ್ ಆರಾಧನೆಗೂ ಇಬ್ಬರೂ ಬರಲಾಗಲಿಲ್ಲ.

ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರ ಜೊತೆ ಹೊರಪೇಟೆಯಿಂದ ಒಬ್ಬ ಕ್ಯಾಥೊಲಿಕ್ ಅಕ್ಕ ಬಂದಿದ್ದರು. ಪೆಂತೆಕೋಸ್ತು ಸಭೆಯ ಕೆಲವು ಹುಡುಗರೂ ಇದ್ದರು. ಅಂಕಲ್‌ಗೆ ಜೋರು ಸದ್ದು ಆಗುವುದಿಲ್ಲ ಅಂತ ಗೊತ್ತಾಗಿ, ತಂದಿದ್ದ ಡೋಲಕ್ಕನ್ನು ಹುಡುಗರು ಜಗುಲಿಯಲ್ಲೇ ಬಿಟ್ಟು ಬಂದರು. ಮೆಲ್ಲಗೆ ಹಾಡಿದರು. ಆಮೇಲೆ ನೈಸಿಯ ವಿಶ್ವಾಸ ಪ್ರಮಾಣ, ಅಂದರೆ ಕ್ರೈಸ್ತರು ಏನು ನಂಬುತ್ತಾರೆ ಅಂತ ಹೇಳುವ ಹಳೆಯ ಪಾಠ, ಒಟ್ಟಿಗೆ ಹೇಳಿದೆವು. ಅದರ ಮೂಲವಾದ ನೈಸಿಯಾದಲ್ಲಿ (ಈಗಿನ ಟರ್ಕಿಯಲ್ಲಿದೆ) 325ರಲ್ಲಿ ಬಿಷಪ್‌ಗಳು ಸಭೆ ಸೇರಿ ಈ ವರ್ಷಕ್ಕೆ 1700 ವರ್ಷ ಆಗುತ್ತದೆ. ಹುಡುಗರಿಗೆ ಅದು ಬಾಯಿಗೆ ಬರುವುದಿಲ್ಲ, ತಲೆ ಬಗ್ಗಿಸಿ ಕೇಳಿಸಿಕೊಂಡರು. ಆದರೆ ಒಂದು ಲೋಟ ನೀರು ಕೇಳುವುದಕ್ಕೂ ತಡವರಿಸುವ ಅಂಕಲ್ ನಮ್ಮ ಜೊತೆ ಕೊನೆಯವರೆಗೂ ಹೇಳಿದರು. ಚಿಕ್ಕಂದಿನಿಂದ ಹೇಳಿ ಹೇಳಿ ಕೂತುಬಿಟ್ಟ ಮಾತುಗಳು. ಆಂಟಿ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಊಟಕ್ಕೆ ಮುದ್ದೆ, ಹಿತಕಿದಬೇಳೆ ಸಾರು. ತಿನ್ನುತ್ತಾ ಒಬ್ಬ ಹುಡುಗ ನನ್ನನ್ನು ಕೇಳಿದ: "ಅಕ್ಕಾ, ಯೇಸು ಒಬ್ಬನೇ. ಇಷ್ಟೊಂದು ಸಭೆ ಯಾಕೆ? ಇವೆಲ್ಲ ಯಾವತ್ತಾದ್ರೂ ಒಂದಾಗ್ತವಾ?"

ನಮ್ಮ ಜಿಲ್ಲೆಗಳ ಕಥೆಯನ್ನೇ ಹೇಳಿದೆ. ತುಮಕೂರು, ಗುಬ್ಬಿ ಕಡೆ ಕೆಲಸ ಮಾಡಿದ್ದು ವೆಸ್ಲಿಯನ್ ಮಿಷನ್. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್. ಕೋಲಾರದಲ್ಲಿ ಅಮೆರಿಕದ ಮೆಥೋಡಿಸ್ಟರು. ಆಡುವುದು ಒಂದೇ ಕನ್ನಡ, ಸಭೆಗಳು ಮಾತ್ರ ಬೇರೆ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಕೆಲವರು ಸೇರಿ, ಹೀಗೆ ಒಡೆದುಕೊಂಡಿದ್ದು ಸಾಕು ಅಂದರು. ಅವರಲ್ಲಿ ಮುಂದೆ ನಿಂತವರು ಬಿಷಪ್ ಅಜರಯ್ಯ, ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ ಪರಂಪರೆಯ) ಸಭೆಯ ಮೊದಲ ಭಾರತೀಯ ಬಿಷಪ್. ಮಾತುಕತೆ 28 ವರ್ಷ ನಡೆಯಿತು. ಬಿಷಪ್‌ಗಳು ಬೇಕೇ, ಯಾರ ಪಾದ್ರಿ ದೀಕ್ಷೆ ಸರಿ, ಪ್ರಭು ಭೋಜನ (ಆರಾಧನೆಯಲ್ಲಿ ಹಂಚುವ ರೊಟ್ಟಿ, ದ್ರಾಕ್ಷಾರಸ) ಯಾರು ಕೊಡಬಹುದು, ಒಂದೊಂದಕ್ಕೂ ವರ್ಷಗಟ್ಟಲೆ ಚರ್ಚೆ. ಕೊನೆಗೆ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ತುಮಕೂರೂ ಚಿಕ್ಕಬಳ್ಳಾಪುರವೂ ಅದರೊಳಗೆ ಬಂದವು. ಕೋಲಾರದ ಮೆಥೋಡಿಸ್ಟರು ಬರಲಿಲ್ಲ, ಇವತ್ತಿಗೂ ಬೇರೆಯೇ. ನಮ್ಮ ಅತ್ತೆ ಆ ಸಭೆಯವರೇ!

"ಅಜರಯ್ಯನವರು ಅವತ್ತು ಇದ್ರಾ?" ಅಂದ ಹುಡುಗ.

ಇರಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಕಾಲು ಶತಮಾನ ಒಂದು ಕೆಲಸಕ್ಕೆ ಜೀವ ಸವೆಸಿ, ಅದು ಕೈಗೂಡಿದ್ದನ್ನು ನೋಡದೆ ಹೋದರು. ಹಾಗಂತ ಅವರು ಸೋತರು ಅಂತ ನನಗೆ ಅನ್ನಿಸುವುದಿಲ್ಲ. ಅವರು ಹೋದ ಮೇಲೂ ಉಳಿದವರು ಆ ಮಾತುಕತೆಯ ಮೇಜು ಬಿಟ್ಟು ಏಳಲಿಲ್ಲ. ನನಗೆ ಜಾಸ್ತಿ ಧೈರ್ಯ ಕೊಡುವುದು ಅದೇ.

ಇನ್ನೊಂದು ಮಾತು ಬರೆಯಲೇಬೇಕು. ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 10ನೇ ಅಧ್ಯಾಯದಲ್ಲಿ, ಕೂಡಿಬರುವುದನ್ನು ಬಿಡಬೇಡಿ ಅಂತ ಇದೆ. ಸಭೆಗೆ ಬಾರದವರನ್ನು ಗದರಿಸುವುದಕ್ಕೇ ಆ ವಚನ ಬಳಸುವುದನ್ನು ಕೇಳಿದ್ದೇನೆ. ಅದರ ಹಿಂದಿನ ವಚನ ಓದಿ. ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಿ ಅನ್ನುತ್ತದೆ. ಇದು ಬಾರದವರಿಗಿಂತ ಮೊದಲು ಬಂದವರಿಗೆ ಹೇಳಿದ್ದು. ಅಂಕಲ್ ಬರಲಾಗದಿದ್ದರೆ ಸಭೆ ಅವರ ಮಂಚದ ಹತ್ತಿರ ಹೋಗಬೇಕು. "ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ತೀವಿ" ಅಂತ ಸುಮ್ನೆ ಫೋನಿನಲ್ಲಿ ಹೇಳಿದರೆ ಆಂಟಿಯ ಕೈಗೆ ಏನು ಸಿಗುತ್ತದೆ? ಅವರಿಗೆ ಬೇಕಾದದ್ದು ಅಂಕಲ್‌ನ ಎತ್ತಿ ಕೂರಿಸುವುದಕ್ಕೆ ಇನ್ನೊಂದು ಜೊತೆ ಕೈ, ಮಧ್ಯಾಹ್ನ ಒಂದು ತಾಸು ನಿದ್ದೆ.

ಹೊರಡುವಾಗ ಕ್ಯಾಥೊಲಿಕ್ ಅಕ್ಕ ಮಂಗಳವಾರ ಬಂದು ಅಂಕಲ್ ಹತ್ತಿರ ಕೂರುತ್ತೇನೆ ಅಂದರು. ಫಿಸಿಯೋಥೆರಪಿಗೆ ಆಟೋ ಹತ್ತಿಸಲು ಹುಡುಗರು ಒಪ್ಪಿದ್ದಾರೆ. ನಾಳೆ ಭಾನುವಾರ, ಗಣರಾಜ್ಯೋತ್ಸವವೂ ಹೌದು. ಧ್ವಜ ಏರಿಸಿ ಆರಾಧನೆ. ಅದು ಮುಗಿದ ಮೇಲೆ ಅಯ್ಯನವರನ್ನು (ಪಾದ್ರಿಯನ್ನು) ಕೇಳಬೇಕು, ತಿಂಗಳಿಗೊಮ್ಮೆ ಆ ಮನೆಗೆ ಪ್ರಭು ಭೋಜನ ತರಬಹುದಾ ಅಂತ. ಗುರುವಾರಕ್ಕೆ ಇನ್ನೂ ಯಾರೂ ಇಲ್ಲ. ಅವತ್ತು ನಾನೇ ಹೋಗುತ್ತೇನೆ.