ಟ್ಯಾಲಿ ಬ್ಯಾಕಪ್ ನಿಂತರೆ ಮೊದಲು ಡ್ರೈವ್ ಅಕ್ಷರ ನೋಡಿ

ಶಿರಸಿಯ ಅಡಿಕೆ ವಖಾರಿಗಳ ಲೆಕ್ಕದ ಲ್ಯಾಪ್‌ಟಾಪ್‌ಗಳಲ್ಲಿ ‘ಹಾರ್ಡ್ ಡಿಸ್ಕ್ ಹೋಯ್ತು’ ಎಂಬ ದೂರು ಎಷ್ಟೋ ಸಲ ಬರೀ ಅಕ್ಷರದ ಗಲಾಟೆ. ವಿಂಡೋಸ್ ಪ್ರತಿ ಡಿಸ್ಕ್‌ಗೂ ಪೆನ್‌ಡ್ರೈವ್‌ಗೂ ‘ಸಿ’, ‘ಡಿ’, ‘ಇ’ ಎಂದು ಒಂದೊಂದು ಅಕ್ಷರ ಕೊಡುತ್ತದೆ. ಲೆಕ್ಕದ ತಂತ್ರಾಂಶ ಟ್ಯಾಲಿಯಲ್ಲಿ ಬ್ಯಾಕಪ್ ಜಾಗ ಹೊರಗಿನ ಹಾರ್ಡ್ ಡಿಸ್ಕ್‌ನ ‘ಇ’ ಎಂದು ಕೊಟ್ಟಿರುತ್ತದೆ. ಜಿಎಸ್‌ಟಿ ಫೈಲ್ ತಂದವರ ಪೆನ್‌ಡ್ರೈವ್ ಮೊದಲು ಚುಚ್ಚಿದರೆ ‘ಇ’ ಅದರ ಪಾಲು; ಹಾರ್ಡ್ ಡಿಸ್ಕ್ ‘ಎಫ್’ ಆಗಿ ಕೂರುತ್ತದೆ. ಬ್ಯಾಕಪ್ ಒಂದೋ ಎರರ್ ಕೊಡುತ್ತದೆ, ಇಲ್ಲವೇ ಸದ್ದಿಲ್ಲದೆ ಪೆನ್‌ಡ್ರೈವ್ ಸೇರಿ ಊರು ಬಿಡುತ್ತದೆ. ಎರಡನೆಯದೇ ಅಪಾಯ.

ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕ್ ಅಲ್ಲಿ ‘ಹೆಲ್ದಿ’ ಎಂದಿದ್ದು ಅಕ್ಷರ ಮಾತ್ರ ಇಲ್ಲದಿದ್ದರೆ ಡೇಟಾ ಬಗ್ಗೆ ಗಾಬರಿ ಬೇಡ. ಆ ಪಾರ್ಟಿಷನ್ (ಡಿಸ್ಕ್‌ನ ಭಾಗ) ಮೇಲೆ ರೈಟ್ ಕ್ಲಿಕ್, ‘ಚೇಂಜ್ ಡ್ರೈವ್ ಲೆಟರ್ ಆ್ಯಂಡ್ ಪಾತ್ಸ್’, ನಂತರ ‘ಆ್ಯಡ್’. ಬೇರೆ ಅಕ್ಷರ ಕುಳಿತಿದ್ದರೆ ‘ಚೇಂಜ್’. ಅಕ್ಷರ ‘ಆರ್’ ಅಥವಾ ‘ಟಿ’ ಇರಲಿ. ಪೆನ್‌ಡ್ರೈವ್‌ಗಳು ‘ಡಿ’, ‘ಇ’ ಕಡೆಯಿಂದ ತುಂಬುತ್ತ ಬರುತ್ತವೆ, ನೆಟ್‌ವರ್ಕ್ ಡ್ರೈವ್‌ಗಳು ‘ಝಡ್’ನಿಂದ ಕೆಳಗಿಳಿಯುತ್ತವೆ, ನಡುವಿನದಕ್ಕೆ ಜಗಳ ಕಡಿಮೆ. ವಿಂಡೋಸ್ ಇರುವ ‘ಸಿ’ಯನ್ನು ಮಾತ್ರ ಮುಟ್ಟಬೇಡಿ. ‘ವ್ಯೂ ಈಸ್ ನಾಟ್ ಅಪ್ ಟು ಡೇಟ್’ ಎಂದು ತಕರಾರು ಮಾಡಿದರೆ ಆ್ಯಕ್ಷನ್ ಮೆನುವಿನಲ್ಲಿ ‘ರೀಸ್ಕ್ಯಾನ್ ಡಿಸ್ಕ್ಸ್’ ಕೊಟ್ಟು ನೋಡಿ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ರಾ’ (RAW) ಎಂದು ತೋರಿಸಿದರೆ ಕಥೆ ಬೇರೆ. ಅದು ಅಕ್ಷರದ ತೊಂದರೆಯಲ್ಲ, ಯಾವ ಫೈಲ್ ಎಲ್ಲಿದೆ ಎಂದು ಲೆಕ್ಕ ಇಡುವ ಫೈಲ್ ಸಿಸ್ಟಮ್ ಕೆಟ್ಟಿದೆ. ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಎಷ್ಟೇ ಒತ್ತಾಯಿಸಿದರೂ ಒಪ್ಪಬೇಡಿ. ಮೊದಲು ಡೇಟಾ ಹೊರತೆಗೆಸಿ. ನಮ್ಮ ಕಡೆಯ ಮಳೆಗಾಲದಲ್ಲಿ ಇದಕ್ಕೆ ಒಂದು ಖಾಯಂ ಕಾರಣವಿದೆ. 3.5 ಇಂಚಿನ ಹೊರಗಿನ ಡಿಸ್ಕ್‌ಗೆ ಬೇರೆ ಅಡಾಪ್ಟರ್. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಲೇ ಇರುತ್ತದೆ, ಡಿಸ್ಕ್ ಮಾತ್ರ ಬರೆಯುವಾಗಲೇ ನಿಂತಿರುತ್ತದೆ. ಅದನ್ನು ಯುಪಿಎಸ್‌ಗೆ ಹಾಕಿ, ಇಲ್ಲವೇ ಯುಎಸ್‌ಬಿಯಿಂದಲೇ ಕರೆಂಟ್ ಪಡೆಯುವ 2.5 ಇಂಚಿನದನ್ನು ಕೊಳ್ಳಿ.

ವಿಂಡೋಸ್ ರಿಪೇರಿಗೆಂದು ಇರುವ ರಿಕವರಿ ಪಾರ್ಟಿಷನ್‌ಗೆ ಅಕ್ಷರ ಇಲ್ಲದಿರುವುದು ಸರಿಯೇ. ಅಪ್‌ಡೇಟ್ ಬಳಿಕ ಅದಕ್ಕೆ ಅಕ್ಷರ ಬಂದು ‘ಜಾಗ ಸಾಲದು’ ಎಂಬ ಎಚ್ಚರಿಕೆ ಕಾಡಿದರೆ ಆದೇಶ ಟೈಪ್ ಮಾಡುವ ವಿಂಡೋಸ್ ಸಾಧನ ಡಿಸ್ಕ್‌ಪಾರ್ಟ್‌ನಲ್ಲಿ ‘ಲಿಸ್ಟ್ ವಾಲ್ಯೂಮ್’ ಕೊಟ್ಟು, ಗಾತ್ರ ನೋಡಿ ಅದನ್ನೇ ಸೆಲೆಕ್ಟ್ ಮಾಡಿ, ‘ರಿಮೂವ್ ಲೆಟರ್=’ ಮುಂದೆ ಆ ಅಕ್ಷರ ಬರೆದು ಅದನ್ನು ತೆಗೆಯಿರಿ.

ಹೊಸ ಅಕ್ಷರ ಕೊಟ್ಟ ಮೇಲೆ ಟ್ಯಾಲಿಯ ಬ್ಯಾಕಪ್ ದಾರಿಯನ್ನೂ ಬದಲಿಸಿ. ಅಕ್ಷರದ ನೆನಪು ಇರುವುದು ಆ ಲ್ಯಾಪ್‌ಟಾಪ್‌ನ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ), ಡಿಸ್ಕ್‌ನಲ್ಲಲ್ಲ. ಅದೇ ಡಿಸ್ಕ್ ಆಡಿಟರ್ ಕಂಪ್ಯೂಟರಿನಲ್ಲಿ ಬೇರೆ ಅಕ್ಷರ ತೋರಿಸುತ್ತದೆ. ಹೆಸರು ಮಾತ್ರ ಡಿಸ್ಕ್ ಜೊತೆಗೇ ಹೋಗುತ್ತದೆ. ಹಾಗಾಗಿ ‘ನ್ಯೂ ವಾಲ್ಯೂಮ್’ ಎಂದು ಬಿಡದೆ ‘ವಖಾರಿ ಬ್ಯಾಕಪ್’ ಎಂದು ಹೆಸರಿಡಿ.