ಅಂಕ ಹಾಕಿದ್ದು ನಾನೇ

ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ತೋಟಗಳಿಗೆ ಮಣ್ಣಿನ ತೇವ ಅಳೆಯುವ ಪೆಟ್ಟಿಗೆ ಮಾಡಿಕೊಡುವುದು ನಮ್ಮ ಕೆಲಸ. ತೋಟ ಗುಡ್ಡದ ಬುಡದಲ್ಲಿ, ಮನೆ ಮೇಲೆ. ನಡುವೆ 866 ಮೆಗಾಹರ್ಟ್ಸ್‌ನ ಲೋರಾ ರೇಡಿಯೋ, ಅಂದರೆ ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವಂಥದ್ದು. ಇದರ ಆಂಟೆನಾಕ್ಕೆ ಅಲೆಯ ಉದ್ದದ ಕಾಲು ಭಾಗದ ತಂತಿ ಅಂದರೂ ಸುಮಾರು 8.7 ಸೆಂಟಿಮೀಟರ್ ಬೇಕು. ಹೊಸ ಪೆಟ್ಟಿಗೆಯಲ್ಲಿ ಇದ್ದ ಜಾಗ 4 ಸೆಂಟಿಮೀಟರ್.

ಹಾಗಾಗಿ ಬೋರ್ಡಿನ ಮೇಲೆ ತಾಮ್ರದ ಗೆರೆಯನ್ನು ಹಾವಿನ ಹಾಗೆ ಮಡಚಬೇಕು. ಎಲ್ಲಿ, ಎಷ್ಟು ಮಡಚುವುದು ಅನ್ನುವುದನ್ನು ಜೆನೆಟಿಕ್ ಅಲ್ಗಾರಿದಮ್‌ಗೆ ಬಿಟ್ಟೆ. 40 ಆಕಾರಗಳಿಂದ ಶುರು. ಸಿಮ್ಯುಲೇಟರ್ ನೋಡಿ ಅಂಕ ಕೊಡುವುದು, ಜಾಸ್ತಿ ಅಂಕದವನ್ನು ಜೋಡಿ ಮಾಡಿ ಮರಿ ಹುಟ್ಟಿಸುವುದು, ಅಲ್ಲಿ ಇಲ್ಲಿ ಒಂದು ಮಡಿಕೆ ಸುಮ್ನೆ ಬದಲಿಸುವುದು. ನಾಸಾದವರು 2006ರಲ್ಲಿ ಹಾರಿಸಿದ ಎಸ್‌ಟಿ5 ಉಪಗ್ರಹಗಳಲ್ಲಿ ಹೀಗೆ ಹುಟ್ಟಿದ ಆಂಟೆನಾ ಇತ್ತು. ನೋಡಲು ಸೊಟ್ಟ ಮಾಡಿದ ಪೇಪರ್ ಕ್ಲಿಪ್!

ಒಂದು ಆಕಾರಕ್ಕೆ 3 ನಿಮಿಷ, 30 ತಲೆಮಾರು. ಒಟ್ಟು 60 ಗಂಟೆ. ಮಳೆಗಾಲ ಬೇರೆ, ಎರಡು ಸಲ ಕರೆಂಟ್ ಹೋಯಿತು. ಪ್ರತಿ ತಲೆಮಾರನ್ನೂ ಫೈಲಿಗೆ ಉಳಿಸಿದ್ದಕ್ಕೆ ಬಚಾವಾದೆ.

ಗೆದ್ದ ಆಕಾರವನ್ನು ಬೋರ್ಡಿಗೆ ಇಳಿಸಿ, ಆಂಟೆನಾ ಅಳೆಯುವ ಪುಟ್ಟ ಯಂತ್ರ ನ್ಯಾನೋ ವಿಎನ್‌ಎಗೆ ಸಿಕ್ಕಿಸಿದೆ. ರಿಟರ್ನ್ ಲಾಸ್ 24 ಡಿಬಿ! ಈ ಅಂಕೆ ಜಾಸ್ತಿ ಇದ್ದಷ್ಟೂ ವಾಪಸ್ ಬರುವ ಶಕ್ತಿ ಕಡಿಮೆ. ಕುಣಿಯುವುದೊಂದು ಬಾಕಿ. ತೋಟಕ್ಕೆ ಒಯ್ದರೆ ಅರ್ಧಕ್ಕರ್ಧ ಸಂದೇಶ ಮನೆ ಮುಟ್ಟಲಿಲ್ಲ. "ಹಳೆ ತಂತಿಯೇ ಒಳ್ಳೆದಿತ್ತಲ್ವಾ ಮಾರಾಯ?" ಅಂದರು ತೋಟದ ಯಜಮಾನರು.

ಎರಡು ದಿನ ರೇಡಿಯೋವನ್ನೇ ಬೈದೆ. ತಪ್ಪು ನನ್ನದಾಗಿತ್ತು. ನಾನು ಅಂಕ ಕೊಟ್ಟದ್ದು ರಿಟರ್ನ್ ಲಾಸ್‌ಗೆ ಮಾತ್ರ. ಅಂದರೆ ಕಳಿಸಿದ ಶಕ್ತಿ ವಾಪಸ್ ಬರಬಾರದು, ಅಷ್ಟೇ. ವಾಪಸ್ ಬರದ ಶಕ್ತಿ ಗಾಳಿಗೇ ಹೋಗಬೇಕೆಂದೇನೂ ಇಲ್ಲ. 50 ಓಮ್‌ನ ಒಂದು ರೆಸಿಸ್ಟರ್ ಇಟ್ಟರೂ ಆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬರುತ್ತದೆ. ಅಲ್ಗಾರಿದಮ್ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ. ಗೆರೆಗಳನ್ನು ಒತ್ತೊತ್ತಾಗಿ ಮಡಚಿ, ಹೆಚ್ಚಿನ ಶಕ್ತಿಯನ್ನು ತಾಮ್ರ ಮತ್ತು ಬೋರ್ಡಿನಲ್ಲೇ ಬಿಸಿ ಮಾಡಿ ಕಳೆದಿತ್ತು. ಕೇಳಿದ್ದನ್ನು ಕೊಟ್ಟಿದೆ, ಪಾಪ.

ಎರಡನೇ ಸಲ ಅಂಕ ಹೋದದ್ದು ಎಷ್ಟು ಶಕ್ತಿ ಹೊರಗೆ ಹೊರಟಿತು ಅನ್ನುವುದಕ್ಕೆ. ರಿಟರ್ನ್ ಲಾಸ್ 865ರಿಂದ 867 ಮೆಗಾಹರ್ಟ್ಸ್ ವರೆಗೆ 10 ಡಿಬಿ ದಾಟಿದರೆ ಸಾಕು, ಅದಕ್ಕಿಂತ ಮೇಲೆ ಹೆಚ್ಚು ಅಂಕ ಇಲ್ಲ. ಬ್ಯಾಟರಿ, ಪ್ಲಾಸ್ಟಿಕ್ ಪೆಟ್ಟಿಗೆ ಎರಡನ್ನೂ ಸಿಮ್ಯುಲೇಶನ್ ಒಳಗೆ ಸೇರಿಸಿದೆ. ಒಂದು ಆಕಾರಕ್ಕೆ 7 ನಿಮಿಷ ಹಿಡಿಯಿತು. ಗೆದ್ದದ್ದು ಮಡಿಕೆ ಕಡಿಮೆ ಇರುವ, ಚಂದವಿಲ್ಲದ ಆಕಾರ. ರಿಟರ್ನ್ ಲಾಸ್ ಬರೀ 13. ತೋಟದ ಅದೇ ಮೂಲೆಯಿಂದ ಸಿಗ್ನಲ್ ಮಾತ್ರ ಮೊದಲಿಗಿಂತ 8 ಡಿಬಿ ಜೋರು.

ಈಗ ಆ ತೋಟದಲ್ಲಿ ಆರು ಹೊಸ ಪೆಟ್ಟಿಗೆಗಳಿವೆ. ಗುಡ್ಡ ಕೊರೆದು ನೀರು ತೆಗೆಯುವ ಸುರಂಗದ ಬಾಯಿಯ ಹತ್ತಿರದ ಏಳನೆಯದರಲ್ಲಿ ಇನ್ನೂ ಹಳೆ ತಂತಿಯೇ. ಅದನ್ನು ತೆಗೆಯಲು ಯಜಮಾನರು ಬಿಡುತ್ತಿಲ್ಲ.