ಊರ ಹೆಸರಿನ ಗೆಳೆಯರು

ಹಾಸ್ಟೆಲ್‌ನಲ್ಲಿ ನಮಗೆ ಯಾರಿಗೂ ಸ್ವಂತ ಹೆಸರಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಇತ್ತು, ಮನೆಯಿಂದ ಬರುವ ಮನಿಯಾರ್ಡರ್ ಮೇಲೆ ಇತ್ತು, ಅಷ್ಟೇ. ಉಳಿದಂತೆ ಊರೇ ಹೆಸರು. ನಾನು ನವಲಗುಂದ. ನನ್ನ ರೂಮಿನಲ್ಲಿದ್ದವರು ಬ್ಯಾಡಗಿ, ಕುಮಟಾ, ಹಳಿಯಾಳ. ಒಂದೇ ಊರಿನವರು ಇಬ್ಬರು ಬಂದುಬಿಟ್ಟರೆ ಒಬ್ಬ ದೊಡ್ಡ ಗದಗ, ಇನ್ನೊಬ್ಬ ಸಣ್ಣ ಗದಗ. ಬ್ಯಾಡಗಿಯವನಿಗೆ ಒಮ್ಮೆ ಜ್ವರ ಬಂದು ಅವನ ಮನೆಗೆ ಪತ್ರ ಬರೆಯಬೇಕಾಯಿತು. 'ನಿಮ್ಮ ಮಗ' ಎಂದು ಬರೆದು ನಿಲ್ಲಿಸಿ, "ನಿನ್ನ ಖರೆ ಹೆಸರು ಏನಲೇ?" ಎಂದು ಜ್ವರದಲ್ಲಿ ಮಲಗಿದ್ದವನನ್ನೇ ಎಬ್ಬಿಸಿ ಕೇಳಿದ್ದೆ.

ನಾವು ಧಾರವಾಡದ ಕರ್ನಾಟಕ ಕಾಲೇಜಿಗೆ ಬಿ.ಎ. ಸೇರಿದ್ದು 1992ರಲ್ಲಿ. ನವಲಗುಂದ ಅಂದ ಕೂಡಲೇ ಹಿರಿಯ ಮೇಷ್ಟ್ರುಗಳು "ಓಹೋ, ಬಂಡಾಯದ ಊರಿನವ" ಅನ್ನುತ್ತಿದ್ದರು. 1980ರ ರೈತ ಬಂಡಾಯದ ಹೊತ್ತಿಗೆ ನಾನಿನ್ನೂ ಒಂದನೇ ಕ್ಲಾಸು. ಆದರೂ ನಾನೇ ಮುಂದೆ ನಿಂತು ಘೋಷಣೆ ಕೂಗಿದವನ ಹಾಗೆ ಎದೆ ಉಬ್ಬಿಸುತ್ತಿದ್ದೆ.

ನಮ್ಮ ಕಾಲೇಜಿನ ಮುಖ್ಯ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆ ಜೊತೆ ಕೂಡಿಕೊಂಡಿತು, ದೊಡ್ಡ ಕಚೇರಿ ಮದ್ರಾಸಿನದಾಯಿತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥ ಹಿರಿಯರು ಓಡಾಡಿ 1917ರಲ್ಲಿ ಕಾಲೇಜು ತಂದರು. ಇದನ್ನೆಲ್ಲ ಹೇಳಿಕೊಟ್ಟ ಇತಿಹಾಸದ ಸರ್, ಹುಡುಗಿಯರು ಹಾಯುವ ಹೊತ್ತಿಗೆ ಸರಿಯಾಗಿ ನಾವು ಕಾರಿಡಾರಿನ ಕಂಬಕ್ಕೆ ಒರಗಿ ನಿಂತಿದ್ದು ಕಂಡರೆ, "ಏನ್ರಪಾ, ಯಾವ ಗಾಡಿ ಹಾದಿ ಕಾಯಾಕತ್ತೀರಿ? ರೈಲ್ವೆದವ್ರು ಹೋಗಿ ಭಾಳ ದಿವ್ಸ ಆತು" ಅನ್ನುತ್ತಿದ್ದರು.

ಊರಿಂದ ನಾನು ತಂದಿದ್ದ ಸಾಮಾನಿನಲ್ಲಿ ಬೆಲೆಬಾಳುವಂಥದ್ದು ಒಂದೇ, ಜಮಖಾನ. ನವಲಗುಂದದ ಜಮಖಾನ ಗೊತ್ತಲ್ಲ? ಹೆಣ್ಣುಮಕ್ಕಳೇ ಮಗ್ಗದ ಮುಂದೆ ಕೂತು ನೇಯುವಂಥದ್ದು. ನನ್ನದು ಕೆಂಪು ನೆಲದ ಮೇಲೆ ಪಗಡೆ ಹಾಸಿನ ಚಿತ್ರ, ನಾಲ್ಕು ಮೂಲೆಗೆ ನವಿಲು. ಅವ್ವ ಅದನ್ನು ಕೊಡುವಾಗ "ಕಾಟಿನ ಮ್ಯಾಲ ಹಾಸ್ಕೋ" ಎಂದಿದ್ದಳು. ಎರಡನೇ ದಿನವೇ ಅದು ನೆಲಕ್ಕೆ ಬಂತು. ಅದರ ಮೇಲೆ ಇಸ್ಪೀಟು, ಅದರ ಮೇಲೆ ಊಟ, ಪರೀಕ್ಷೆ ಬಂದರೆ ಓದೂ ಅದರ ಮೇಲೆ. ಬ್ಯಾಡಗಿಯವನ ಮನೆಯಿಂದ ಬಂದ ಖಾರದ ಪುಡಿ ಒಂದು ನವಿಲಿನ ಮೇಲೆ ಚೆಲ್ಲಿತು. ಎಷ್ಟು ಝಾಡಿಸಿದರೂ ಹೋಗಲಿಲ್ಲ. "ನಮ್ಮೂರ ಮೆಣಸಿನಕಾಯಿ ಖಾರ ಕಡಿಮಿ, ಬಣ್ಣ ಜಾಸ್ತಿ. ನೋಡು, ನಿಮ್ಮೂರ ಬಣ್ಣಕ್ಕ ಸರಿಸಮ" ಎಂದು ಅವನು ಅದನ್ನೂ ಊರಿನ ಹೆಮ್ಮೆ ಮಾಡಿಕೊಂಡ.

ಕುಮಟಾದವನು ಮೊದಲ ತಿಂಗಳು ರೊಟ್ಟಿ ಕಂಡರೆ ಅಳುಮೋರೆ ಮಾಡುತ್ತಿದ್ದ. ಆಗಿನ್ನೂ ಕೊಂಕಣ ರೈಲು ಬಂದಿರಲಿಲ್ಲ. ಊರಿಗೆ ಹೋಗಬೇಕೆಂದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು. ಘಟ್ಟದ ತಿರುವು ಅವನ ಹೊಟ್ಟೆಗೆ ಆಗದು. ಹಾಗಾಗಿ ಎಲ್ಲರಿಗಿಂತ ಜಾಸ್ತಿ ಹಾಸ್ಟೆಲ್‌ನಲ್ಲೇ ಉಳಿಯುತ್ತಿದ್ದವನು ಅವನೇ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಗುರೆಳ್ಳು ಚಟ್ನಿ, ಎಣ್ಣೆಗಾಯಿ ಇಟ್ಟುಕೊಂಡು ನಮಗಿಂತ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದ.

ಮಲ್ಲಿಕಾರ್ಜುನ ಮನ್ಸೂರರು ತೀರಿಕೊಂಡದ್ದು ನಾವು ಸೇರಿದ ವರ್ಷವೇ, ಸೆಪ್ಟೆಂಬರ್ 12ಕ್ಕೆ. ನಾವು ಬಯಲಾಟದ ಹಾರ್ಮೋನಿಯಂ ಬಿಟ್ಟರೆ ಸಂಗೀತ ಅರಿಯದವರು. ಕುಮಟಾದವನ ಅಪ್ಪ ಯಕ್ಷಗಾನಕ್ಕೆ ಮದ್ದಳೆ ಬಾರಿಸುವವರು, ಅವನಿಗೆ ಸ್ವಲ್ಪ ಕಿವಿ ಇತ್ತು. "ಇಂಥವ್ರು ಇದ್ದ ಊರಲ್ಲಿ ಇದ್ಕಂಡು ನೋಡ್ದೇ ಇದ್ರೆ ಎಂತಕ್ಕಾಯ್ತು ಮಾರಾಯ" ಎಂದು ನಮ್ಮನ್ನು ಎಳೆದುಕೊಂಡು ಹೋದ. ಜನರ ನಡುವೆ ನಿಂತಿದ್ದಾಗ ಹಳಿಯಾಳ, ಪಕ್ಕದಲ್ಲಿ ನಿಂತ ಅಜ್ಜನೊಬ್ಬನನ್ನು "ನಿಮಗ ಏನಾಗಬೇಕ್ರಿ ಅವ್ರು?" ಎಂದು ಕೇಳಿದ. "ಏನೂ ಇಲ್ಲಪಾ. ರೇಡಿಯೋದಾಗ ಕೇಳ್ತಿದ್ದೆ" ಎಂದ ಅಜ್ಜ ಟೊಪಿಗೆಯಿಂದ ಕಣ್ಣು ಒರೆಸಿಕೊಂಡ. ಹಾಸ್ಟೆಲ್ ಮುಟ್ಟುವವರೆಗೆ ಹಳಿಯಾಳ ಮಾತಾಡಲಿಲ್ಲ. ಮನೆತನವೇ ಕುಸ್ತಿಯದು, ಮೈಕಟ್ಟು ಬಾಗಿಲಷ್ಟು ಅಗಲ. ಅಂಥವನು ಮಾತು ಬಿಟ್ಟದ್ದು ನೋಡಿ ನಮಗೆ ಆಶ್ಚರ್ಯ.

ಇನ್ನು ಅವಳ ವಿಷಯ. ಹೆಸರು ಬರೆಯುವುದಿಲ್ಲ, ಸಾಧನಕೇರಿ ಕಡೆಯವಳು ಅಂದರೆ ಸಾಕು. ಊರ ಹೆಸರಿನ ಪದ್ಧತಿ ಹುಡುಗಿಯರಿಗೆ ಇರಲಿಲ್ಲ. ಆದರೂ ನಮ್ಮ ರೂಮಿನಲ್ಲಿ ಅವಳು 'ಕೆರಿ'.

ಒಂದೇ ಕ್ಲಾಸಿನಲ್ಲಿ ಕೂತು ಒಂದು ವರ್ಷ ದಾಟಿದರೂ ಒಂದು ಮಾತಿಲ್ಲ. ಮಾತು ಶುರುವಾದದ್ದು ಹೀರೋ ಕಪ್ ಸೆಮಿಫೈನಲ್‌ನ ಮರುದಿನ. 24 ನವೆಂಬರ್ 1993. ದಕ್ಷಿಣ ಆಫ್ರಿಕಾಕ್ಕೆ ಕೊನೆಯ ಓವರಿನಲ್ಲಿ ಆರು ರನ್ ಬೇಕು. ಬಾಲು ತೆಂಡೂಲ್ಕರ್ ಕೈಗೆ. ಹಾಸ್ಟೆಲ್ ಟಿ.ವಿ. ಮುಂದೆ ಉಸಿರಾಡಲೂ ಜಾಗವಿಲ್ಲ. ಮೂರೇ ರನ್ ಬಂದು ನಾವು ಎರಡು ರನ್ನಿಂದ ಗೆದ್ದಾಗ ಹಳಿಯಾಳ ನನ್ನನ್ನು ಎತ್ತಿ ಕುಣಿಸಿದ, ನನ್ನ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಮರುದಿನ ಹಣೆಯ ಮೇಲೆ ಪಟ್ಟಿ ಅಂಟಿಸಿಕೊಂಡು ಕ್ಲಾಸಿಗೆ ಹೋದೆ. ಅವಳು ತಿರುಗಿ ನೋಡಿ, "ಏನಾತ್ರಿ, ಬಾಲು ನಿಮಗ ಬಡೀತೇನು?" ಎಂದಳು. ಎರಡೂ ಬೆಂಚಿನವರು ನಕ್ಕರು. ನಾನು ನಗುವ ಬದಲು "ಹೌದ್ರಿ" ಅಂದುಬಿಟ್ಟೆ.

ಅಲ್ಲಿಂದ ಮುಂದೆ ಲೈಬ್ರರಿ, ನೋಟ್ಸು, ಪುಸ್ತಕದೊಳಗಿನ ಚೀಟಿ. ಆ ಕಾಲದಲ್ಲಿ ಎಲ್ಲರದ್ದೂ ಹೀಗೇ ಅಲ್ವಾ. ಚೀಟಿ ಒಯ್ಯುವ ಕೆಲಸ ಹಳಿಯಾಳನದು. ಅವನ ಮೈಕಟ್ಟು ನೋಡಿ ಯಾರೂ ಅವನನ್ನು ತಡೆದು ಕೇಳುತ್ತಿರಲಿಲ್ಲ. ಅವಳಿಗೂ ನಮ್ಮ ನಾಲ್ವರಲ್ಲಿ ನಂಬಿಕೆ ಅವನ ಮೇಲೇ. ಒಮ್ಮೊಮ್ಮೆ ಅವಳು ಬಂದು ನನಗಿಂತ ಮೊದಲು ಅವನನ್ನೇ "ಊಟ ಆತೇನ್ರಿ?" ಎಂದು ಕೇಳುತ್ತಿದ್ದಳು. ಚೀಟಿಯಲ್ಲಾದರೂ ಏನು? ನಾಳೆ ಬರುವುದಿಲ್ಲ, ಅತ್ತೆ ಬಂದಾರ. ಅರ್ಥಶಾಸ್ತ್ರದ ಮೂರನೇ ಪಾಠ ನಿಮಗ ತಿಳೀತೇನು? ಇಂಥವೇ. ಇದನ್ನು ಪ್ರೀತಿ ಅಂದರೆ ಈಗಿನ ಹುಡುಗರು ನಕ್ಕಾರು.

ಒಂದು ರಾತ್ರಿ ಜಮಖಾನದ ಮೇಲೆ ಊಟಕ್ಕೆ ಕೂತಿದ್ದೆವು. "ಚಟ್ನಿ ಅದ ಏನು?" ಎಂದು ಕೇಳಿದೆ. ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಹುಟ್ಟಿದಾರಭ್ಯ 'ಐತಿ'. 'ಅದ' ಅನ್ನುವುದು ಅವಳ ಮನೆಯ ಮಾತು. ಬ್ಯಾಡಗಿ ಎದ್ದು ನಿಂತು ಕೈಮುಗಿದ: "ಅದ ಸ್ವಾಮಿ, ಅದ. ಚಟ್ನಿನೂ ಅದ, ನಿಮ್ಮ ಕತಿನೂ ಮುಗದದ." ಆ ವಾರವೆಲ್ಲ ಇಡೀ ಹಾಸ್ಟೆಲ್‌ಗೆ ಹಾಸ್ಟೆಲ್ಲೇ ನನ್ನ ಮುಂದೆ 'ಅದ, ಅದ' ಎನ್ನುತ್ತಾ ಓಡಾಡಿತು.

1994ರ ಶ್ರಾವಣದ ಒಂದು ಸೋಮವಾರ ಅವಳು ತಾಯಿ, ತಂಗಿ ಜೊತೆ ಸೋಮೇಶ್ವರಕ್ಕೆ ಹೋಗುತ್ತಾಳೆಂದು ಸುದ್ದಿ ಬಂತು. ಕಲಘಟಗಿ ರಸ್ತೆಯಲ್ಲಿರುವ, ಶಾಲ್ಮಲೆ ಹುಟ್ಟುವ ಜಾಗ ಅದು. ನಾಲ್ವರಿಗೂ ದಿಢೀರನೆ ಭಕ್ತಿ ಬಂತು. ಮಳೆ ಜಿಟಿಜಿಟಿ. ಬ್ಯಾಡಗಿ ಎಲ್ಲರ ಹಣೆಗೂ ವಿಭೂತಿ ಹಚ್ಚಿದ. ಕುಮಟಾದವನು ಕೈಯಲ್ಲಿ ಎರಡು ತೆಂಗಿನಕಾಯಿ ಹಿಡಿದುಕೊಂಡು, ಅಂಗಡಿಗೆ ಮಾರಲು ಬಂದವನಂತೆ ಕಾಣುತ್ತಿದ್ದ. ಸಾಲಿನಲ್ಲಿ ಅವರ ಹಿಂದೆಯೇ ನಿಂತೆವು. ಅವಳು "ನಮ್ಮ ಕ್ಲಾಸಿನವ್ರು" ಎಂದಳು. ತಾಯಿ ಒಳ್ಳೆಯವರು. ನಮಗೆಲ್ಲ ಪ್ರಸಾದ ಹಂಚಿ, "ಯಾವೂರಪಾ ನಿಂದು?" ಎಂದು ನನ್ನನ್ನೇ ಕೇಳಿದರು. ಹೇಳಿದೆ.

"ಯಾರ ಪೈಕಿ?"

"ಒಕ್ಕಲುತನದವ್ರು ರಿ" ಎಂದೆ.

"ಛಲೋ ಆತು. ಚಂದಂಗೆ ಓದು" ಎಂದು ಇನ್ನೊಂದು ಬಾಳೆಹಣ್ಣು ಕೊಟ್ಟರು. ಅವರು ಮುಂದೆ ಹೋದ ಮೇಲೆ ಹಳಿಯಾಳ ನನ್ನ ಕೈಯಿಂದ ಆ ಹಣ್ಣು ಇಸಿದುಕೊಂಡು, ಸುಲಿದು, ನಾಲ್ಕು ತುಂಡು ಮಾಡಿದ. ಅವನಿಗೆ ಆಗಲೇ ಗೊತ್ತಾಗಿತ್ತು ಅನ್ನಿಸುತ್ತದೆ.

ಅವಳು ವಿಷಯ ತೆಗೆದದ್ದು ಕೊನೆಯ ವರ್ಷದ ಪರೀಕ್ಷೆಗೆ ಸ್ವಲ್ಪ ಮೊದಲು. ಅಡ್ಡಮಳೆ ಆಗಿ ಕೆಂಪು ಮಣ್ಣು ಚಪ್ಪಲಿಗೆ ಮೆತ್ತುತ್ತಿತ್ತು. ಮರದ ಬುಡದಲ್ಲಿ ನಿಂತು, ಚಪ್ಪಲಿಯ ಮಣ್ಣನ್ನು ಬೇರಿಗೆ ಒರೆಸುತ್ತಲೇ ಹೇಳಿದಳು: "ಪುಣೇದಾಗ ಒಂದು ಸಂಬಂಧ ಬಂದದ. ನಾ ಹೂಂ ಅಂದೀನಿ. ನಮ್ಮ ಮನ್ಯಾಗ ಒಪ್ಪೂದಿಲ್ಲ, ನಿಮ್ಮ ಮನ್ಯಾಗೂ ಒಪ್ಪೂದಿಲ್ಲ. ಸುಮ್ನೆ ಇಬ್ರೂ ಅತ್ತು ಏನ್ ಮಾಡೂದದ?" ಅಳು ಅವಳಿಗೂ ಬಂದಿತ್ತು. ಆದರೆ ಲೆಕ್ಕ ಸರಿಯಾಗಿತ್ತು. ನಾನು ಎದುರು ಹೇಳುವಂಥದ್ದು ಏನೂ ಇರಲಿಲ್ಲ.

ಆ ರಾತ್ರಿ ಮೂವರೂ ನನ್ನನ್ನು ಕೆಲಗೇರಿ ಕೆರೆಯ ಕಡೆಗೆ ನಡೆಸಿಕೊಂಡು ಹೋದರು. ಬ್ಯಾಡಗಿ ತನ್ನ ಅಪ್ಪನನ್ನು ಕರೆಸಿ ಅವಳ ಅಪ್ಪನ ಜೊತೆ ಮಾತಾಡಿಸುತ್ತೇನೆ ಎಂದ. ಮೆಣಸಿನಕಾಯಿ ದಲಾಲಿ ಮಾಡುವವರು, ಎಂಥ ವ್ಯವಹಾರವನ್ನೂ ಕುದುರಿಸುತ್ತಾರಂತೆ. ಕುಮಟಾ ಅವನ ಬಾಯಿ ಮುಚ್ಚಿಸಿದ. ಹಳಿಯಾಳ ಮಾತ್ರ "ಅಳೂದಿದ್ರ ಇಲ್ಲೇ ಅತ್ತು ಮುಗಸು. ಹಾಸ್ಟೆಲ್‌ನ್ಯಾಗ ದೊಡ್ಡ ಗದಗ ನೋಡಿದ್ರ ಊರ ತುಂಬ ಸಾರ್ತಾನ" ಎಂದು ಏರಿಯ ಮೇಲೆ ನನ್ನ ಪಕ್ಕ ಕೂತ. ಎಷ್ಟು ಹೊತ್ತು ಕೂತಿದ್ದೆವೋ. ವಾಪಸ್ ಬರುವಾಗ ಒಂದು ಗಾಡಿಯವನನ್ನು ಎಬ್ಬಿಸಿ ಗಿರ್ಮಿಟ್ ಮಾಡಿಸಿ ತಿಂದೆವು. ಹಸಿವು ಅನ್ನುವುದು ಆ ವಯಸ್ಸಿನಲ್ಲಿ ಯಾವುದಕ್ಕೂ ಜಗ್ಗುವುದಿಲ್ಲ.

ನಾಲ್ಕು ದಿನ ಬಿಟ್ಟು ಹಳಿಯಾಳ ಅರ್ಥಶಾಸ್ತ್ರದ ನೋಟ್ಸು ತಂದು ನನ್ನ ತಲೆದಿಂಬಿನ ಮೇಲೆ ಎಸೆದ. ಕೈಬರಹ ಅವಳದು. ಅವನು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರ್ಥಶಾಸ್ತ್ರದಲ್ಲಿ ನನಗೆ ಎಂದೂ ಬರದಷ್ಟು ಮಾರ್ಕ್ಸು ಬಂತು.

ಹಾಸ್ಟೆಲ್ ಬಿಡುವ ದಿನ ಹಳಿಯಾಳ ಜಮಖಾನ ಕೇಳಿದ. ಖಾರದ ಕಲೆ, ಎಣ್ಣೆ ಕಲೆ, ಇಂಕು ಎಲ್ಲ ಸೇರಿ ಅದು ಊರಿಗೆ ಒಯ್ದರೆ ಅವ್ವನಿಂದ ಬೈಗುಳವೇ ಗತಿ ಅನ್ನುವಂತಿತ್ತು. ಸುರುಳಿ ಸುತ್ತಿ, ಹಗ್ಗ ಬಿಗಿದು ಅವನ ಹೆಗಲಿಗೆ ಹಾಕಿದೆ. ಅವನ ಊರು ಹತ್ತಿರ, ಬಸ್ಸು ಮೊದಲು ಅವನದೇ ಬಂತು.

ಅವಳನ್ನು ಮತ್ತೆ ಕಂಡದ್ದು ಕಾಲೇಜಿಗೆ ನೂರು ತುಂಬಿದ ವರ್ಷ, 2017ರಲ್ಲಿ. ಅದೇ ಕಾರಿಡಾರು. ಮಗಳನ್ನು ಕರೆದುಕೊಂಡು ಬಂದಿದ್ದಳು. ನನ್ನ ಹೆಂಡತಿಯೂ ಜೊತೆಗಿದ್ದಳು. ಎಲ್ಲರೂ ಸೇರಿ ಚಹಾ ಕುಡಿದೆವು. ಪುಣೆಯ ಮಳೆ, ಬೆಂಗಳೂರಿನ ಟ್ರಾಫಿಕ್ಕು, ಮಕ್ಕಳ ಓದು. ಇಂಥ ಭೇಟಿಯಲ್ಲಿ ಎದೆ ಧಸಕ್ ಅನ್ನಬೇಕು ಎಂದು ಎಲ್ಲೆಲ್ಲೋ ಓದಿದ್ದೇನೆ. ನನಗೆ ಹಾಗೇನೂ ಆಗಲಿಲ್ಲ, ಹಳೆಯ ಸಹಪಾಠಿ ಸುಖವಾಗಿದ್ದಾಳೆ ಎಂದು ಖುಷಿಯಾಯಿತು. ಹೊರಡುವಾಗ ಅವಳು ಕೇಳಿದಳು: "ಹಳಿಯಾಳ ಎಲ್ಲಿದ್ದಾರ್ರಿ ಈಗ?"

ಎದೆ ಧಸಕ್ ಅಂದದ್ದು ಆಗ.

ಅವನು ಎಲ್ಲಿದ್ದಾನೋ ನನಗೆ ಗೊತ್ತಿಲ್ಲ. ಬಿ.ಎ. ಆದ ಮೇಲೆ ಕೆಲವು ವರ್ಷ ಪತ್ರ ನಡೆದವು. ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿ ಚಾರ್ಜು ಕಡಿಮೆ ಆದಾಗ ಬೂತಿನಿಂದ ಅವನ ಪಕ್ಕದ ಮನೆಗೆ ಫೋನು ಮಾಡಿ ಬೈಸಿಕೊಂಡಿದ್ದೂ ಉಂಟು. ನನ್ನ ಮದುವೆಗೆ ಹಿಂದಿನ ದಿನವೇ ಬಂದು ಚಪ್ಪರ ಕಟ್ಟಿಸಿದ, ಬೀಗರನ್ನೆಲ್ಲ ಬಸ್ಸಿಗೆ ಹತ್ತಿಸಿ ಕೊನೆಗೆ ಹೋದ. ಆಮೇಲೆ ಒಂದು ಪತ್ರಕ್ಕೆ ಉತ್ತರ ಬರಲಿಲ್ಲ. ಇನ್ನೊಂದಕ್ಕೂ ಬರಲಿಲ್ಲ. ಜಗಳವಿಲ್ಲ, ಮುನಿಸಿಲ್ಲ, ಸಾಲದ ವಿಷಯವಿಲ್ಲ. ಬ್ಯಾಡಗಿ ಅವನು ಗೋವಾದಲ್ಲಿದ್ದಾನೆ ಅನ್ನುತ್ತಾನೆ, ಕುಮಟಾ ಬೆಳಗಾವಿ ಅನ್ನುತ್ತಾನೆ. ಒಮ್ಮೆ ಮೂವರೂ ಕೂಡಿ ಅವನ ಊರಿಗೇ ಹೋಗಿದ್ದೆವು. ಮನೆ ಮಾರಿ ಬಹಳ ದಿನ ಆಗಿತ್ತು. ಈಗಿನ ಮಾಲೀಕರಿಗೆ ಅವನ ಅಪ್ಪನ ಹೆಸರು ಮಾತ್ರ ಗೊತ್ತು. ಫೇಸ್‌ಬುಕ್ಕಿನಲ್ಲಿ ಅವನ ಪೂರ್ತಿ ಹೆಸರು ಹಾಕಿದರೆ ಪುಟಗಟ್ಟಲೆ ಜನ ಬರುತ್ತಾರೆ. ಎಷ್ಟೋ ಫೋಟೋಗಳನ್ನು ದೊಡ್ಡದು ಮಾಡಿ ಕಿವಿ ನೋಡಿದ್ದೇನೆ. ಕುಸ್ತಿಯಲ್ಲಿ ಜಜ್ಜಿ ಹೋದ ಎಡಗಿವಿ ಅವನದು.

ಪ್ರೀತಿ ಕಳೆದುಕೊಂಡವನನ್ನು ಸಮಾಧಾನ ಮಾಡಲು ಮೂವರು ಬಂದಿದ್ದರು, ಕೆರೆ ಏರಿ ಇತ್ತು, ಕಾರಣವೂ ಗೊತ್ತಿತ್ತು. ಅದು ವಾಸಿಯಾಯಿತು. ಗೆಳೆಯನೊಬ್ಬ ಕೈಬಿಟ್ಟು ಹೋದರೆ ಯಾರ ಮುಂದೆ ಹೇಳಿಕೊಳ್ಳುವುದು? ಹೇಳಿದರೆ "ಎಲ್ಲರೂ ಬ್ಯುಸಿ ಮಾರಾಯ" ಅನ್ನುತ್ತಾರೆ. ಇದು ನನಗೆ ಒಪ್ಪಿಗೆಯಾಗುವ ಉತ್ತರವಲ್ಲ.

ಅದಕ್ಕೇ ಸಂಪಾದಕರು "ನೆನಪು ಬರೆದುಕೊಡಿ" ಎಂದಾಗ ಒಪ್ಪಿಕೊಂಡೆ. ಈ ಸಂಚಿಕೆ ಹಳೆಯ ವಿದ್ಯಾರ್ಥಿಗಳಿಗೂ ಹೋಗುತ್ತದಂತೆ. 1995ರಲ್ಲಿ ಬಿ.ಎ. ಮುಗಿಸಿದ, ಎಡಗಿವಿ ಜಜ್ಜಿದ, ಹಳಿಯಾಳ ಎಂದು ಕೂಗಿದರೆ ತಿರುಗಿ ನೋಡುವ ದೊಡ್ಡ ಆಳು ನಿಮ್ಮಲ್ಲಿ ಯಾರಿಗಾದರೂ ಕಂಡರೆ ಸಂಪಾದಕರಿಗೆ ಒಂದು ಮಾತು ತಿಳಿಸಿ. ಬ್ಯಾಡಗಿ ಈಗ ಅಪ್ಪನ ದಲಾಲಿ ಅಂಗಡಿಯಲ್ಲೇ ಕೂರುತ್ತಾನೆ, ಕುಮಟಾ ಹೈಸ್ಕೂಲ್ ಮೇಷ್ಟ್ರು, ಬೇಸಿಗೆ ರಜೆಗೆ ಘಟ್ಟ ಹತ್ತಿ ಬರುತ್ತಾನೆ. ನಾನು ಬೆಂಗಳೂರಿನಿಂದ ರಾತ್ರಿ ರೈಲು ಹಿಡಿಯುತ್ತೇನೆ. ಜಮಖಾನ ವಾಪಸ್ ಕೇಳುವುದಿಲ್ಲ ಎಂದು ಅವನಿಗೆ ಹೇಳಿ.